ಪೋಲ್ದೊ ಹೇಳಿದ್ದು

“ಹದಿನೆಂಟು ತುಂಬಿರಬೇಕಮ್ಮ,” ಎಂದರು ಯೂನಿವರ್ಸಿಟಿಯ ಭಾಷಾವಿಜ್ಞಾನ ವಿಭಾಗದ ಆಫೀಸಿನಲ್ಲಿದ್ದ ಸರ್.

ಲಿವಾಯ್ ಕದಲಲಿಲ್ಲ. ಅವಳಿಗಿನ್ನೂ ಹತ್ತು ವರ್ಷ. ಆರು ವರ್ಷದ ತಮ್ಮ ಪೋಲ್ದೊ ಅವಳ ಕೈ ಹಿಡಿದು ನಿಂತಿದ್ದ. ಅವನಿಗೆ ಹುಟ್ಟಿನಿಂದಲೇ ಕಿವಿ ಕೇಳಿಸುತ್ತಿರಲಿಲ್ಲ.

“ಹೊರಗೆ ಬೋರ್ಡಲ್ಲಿ ಓದ್ದೆ ಸರ್. ಕಿವಿ ಕೇಳದ ಮಕ್ಕಳ ಮನೆಯವರಿಗೆ ಸಂಜ್ಞೆ ಭಾಷೆ ಕ್ಲಾಸು, ಫ್ರೀ ಅಂತಿದೆ. ನಾನೂ ಮನೆಯವಳೇ ಅಲ್ವಾ?”

ಸರ್ ನಕ್ಕರು. “ಲಾಯರ್ ಆಗ್ತೀಯ ಬಿಡು. ಅಪ್ಪನೋ ಅಮ್ಮನೋ ಸೇರ್ಲಿ. ಅವರ ಜೊತೆ ನೀನೂ ಕೂತ್ಕೊ.”

ಅಮ್ಮ ಹಾಂಗ್‌ಕಾಂಗಿನಲ್ಲಿ ಯಾರದೋ ಮನೆಯ ಕೆಲಸಕ್ಕಿದ್ದಳು. ಉಳಿದವನು ಅಪ್ಪ. ಅವನ ಜೀಪ್ನಿ, ಜನರನ್ನು ಹತ್ತಿಸಿಕೊಂಡು ಓಡುವ ಉದ್ದನೆಯ ಜೀಪು, ಕ್ಯಾಂಪಸ್ಸಿನ ಗೇಟಿನ ಹತ್ತಿರ ಪ್ಯಾಸೆಂಜರುಗಳಿಗಾಗಿ ಕಾಯುತ್ತಿತ್ತು.

“ಶನಿವಾರಾನಾ? ಗಾಡಿ ತುಂಬೋ ದಿನ ಕಣೇ,” ಎಂದ ಅಪ್ಪ. “ಅವ್ನು ಹೇಳೋದೆಲ್ಲ ನಿಂಗೆ ಗೊತ್ತಾಗುತ್ತಲ್ಲ. ಸಾಕು.”

“ನಾನು ಸ್ಕೂಲಲ್ಲಿದ್ದಾಗ?”

“ಪಕ್ಕದ್ಮನೆ ಆಂಟಿ ಇದಾರಲ್ಲ.”

“ಅವ್ನಿಗೆ ಹಸಿವಾದ್ರೂ ಆಂಟಿ ಅನ್ನ ಕೊಡ್ತಾರೆ, ಹೊಟ್ಟೆನೋವಾದ್ರೂ ಅನ್ನ ಕೊಡ್ತಾರೆ.”

ಅಪ್ಪ ಕತ್ತು ಕೆರೆದುಕೊಂಡ. ಲಿವಾಯ್ ಪಟ್ಟು ಬಿಡಲಿಲ್ಲ. ಬೆಳಿಗ್ಗೆ ಅವನು ಜೀಪ್ನಿ ಒರೆಸುವಾಗ ಕೇಳಿದಳು. ಸಂಜೆ ಮೀನು ಹುರಿಯುವಾಗ ಕೇಳಿದಳು. ಶುಕ್ರವಾರದ ಹೊತ್ತಿಗೆ ಅಪ್ಪ ಸೋತ.

“ಒಂದೇ ಒಂದ್ಸಲ. ಆಮೇಲೆ ನೋಡೋಣ.”

ಕ್ಲಾಸು ತೆಗೆದುಕೊಂಡ ಮಿಸ್ ರೆಮಿಗೂ ಕಿವಿ ಕೇಳಿಸುತ್ತಿರಲಿಲ್ಲ. ಅವರು ಕೈಯಲ್ಲಿ ಹೇಳಿದ್ದನ್ನು ನೊನೊಯ್ ಎಂಬ ವಿದ್ಯಾರ್ಥಿ ಬಾಯಲ್ಲಿ ಹೇಳುತ್ತಿದ್ದ.

ಮಿಸ್ ಪೋಲ್ದೊನ ಎದುರು ನೆಲದ ಮೇಲೇ ಕೂತರು. ‘ಏನು ಸಮಾಚಾರ?’ ಎಂಬಂತೆ ಹುಬ್ಬೇರಿಸಿದರು. ಪೋಲ್ದೊ ಎರಡೂ ಕೈಯಲ್ಲಿ ಸ್ಟಿಯರಿಂಗ್ ತಿರುಗಿಸಿದ.

“ಜೀಪ್ನೀಲಿ ರೌಂಡ್ ಹೋಗ್ಬೇಕಂತೆ,” ಎಂದಳು ಲಿವಾಯ್ ಕೂಡಲೇ. “ದಿನಾ ಸಂಜೆ ಇದೇ ಹಟ. ಆಗಲ್ಲ ಅಂದ್ರೆ ಕಾಲು ಬಡೀತಾನೆ.”

ಮಿಸ್ ರೆಮಿಯ ಕೈಗಳು ಆಡಿದವು.

“ಮಿಸ್ ಕೇಳಿದ್ದು ಅವನನ್ನಂತೆ,” ಎಂದ ನೊನೊಯ್ ಮೆಲ್ಲಗೆ.

ಲಿವಾಯ್‌ಗೆ ಮುಖ ಬಿಸಿಯಾಯಿತು. ಮಿಸ್ ಸುಮ್ಮನೆ ಕಾದರು.

ಪೋಲ್ದೊ ಮತ್ತೆ ಸ್ಟಿಯರಿಂಗ್ ತಿರುಗಿಸಿದ. ಕಾಲಿನಿಂದ ನೆಲ ಬಡಿದ. ‘ನೋಡಿದ್ರಾ’ ಎನ್ನಲು ಹೊರಟ ಲಿವಾಯ್ ತುಟಿ ಕಚ್ಚಿಕೊಂಡಳು. ಪೋಲ್ದೊ ಬಗ್ಗಿ ಅಂಗೈಯನ್ನು ನೆಲಕ್ಕೊತ್ತಿದ. ತೋಳನ್ನು ಗಡಗಡ ನಡುಗಿಸಿದ. ಬಾಗಿಲ ಕಡೆ ತೋರಿಸಿದ. ಕೊನೆಗೆ ಅಪ್ಪನತ್ತ ಬೆರಳು ಮಾಡಿ, ಹಲ್ಲೆಲ್ಲ ಕಾಣುವ ಹಾಗೆ ನಕ್ಕ.

“ನೆಲ ನಡುಗ್ತಿದೆ, ಅಪ್ಪನ ಗಾಡಿ ಬಂತು ಅಂತ,” ಎಂದ ಅಪ್ಪ. “ದಿನಾ ಅದನ್ನೇ ಹೇಳ್ತಿದ್ನೇನೇ?”

ದಿನವೂ ಲಿವಾಯ್ ‘ಆಗಲ್ಲ, ಆಗಲ್ಲ’ ಎಂದು ಕೈಯಾಡಿಸಿದ್ದಳು.

ಕ್ಲಾಸು ಮುಗಿದಾಗ, ಮುಂದಿನ ಶನಿವಾರ ಎಷ್ಟು ಗಂಟೆಗೆ ಎಂದು ಅಪ್ಪನೇ ನೊನೊಯ್‌ನನ್ನು ಕೇಳಿದ.

ಮನೆಗೆ ಹೋಗುವಾಗ ಪೋಲ್ದೊ ಮುಂದಿನ ಸೀಟಿನಲ್ಲಿ ಅವರಿಬ್ಬರ ನಡುವೆ ಕೂತ. ಸಿಗ್ನಲ್ಲಿನಲ್ಲಿ ಗಾಡಿ ನಿಂತಾಗ ಅವನ ಕೈಗಳು ಏನೋ ಹೇಳತೊಡಗಿದವು.

“ಏನಂತೆ?” ಎಂದ ಅಪ್ಪ.

ಲಿವಾಯ್ ಬಾಯಿ ತೆರೆದಳು. ಮತ್ತೆ ಮುಚ್ಚಿದಳು. ತಮ್ಮನ ಕಡೆಗೆ ಪೂರ್ತಿ ತಿರುಗಿ ಕೂತಳು.

“ಗೊತ್ತಿಲ್ಲಪ್ಪ. ಅವನಿನ್ನೂ ಹೇಳಿ ಮುಗಿಸಿಲ್ಲ.”