ಹುಳದ ಮನೆಯ ಹೊಸ್ತಿಲು

ಸೊಪ್ಪು ಕೊಚ್ಚುವ ಮಚ್ಚು ನನ್ನ ಮೂಗಿನಿಂದ ನಾಲ್ಕೇ ಬೆರಳು ದೂರದಲ್ಲಿತ್ತು.

"ಇನ್ನೊಂದ್ ಎಜ್ಜೆ ಇಟ್ಟೀಯೆ ನಟರಾಜು... ಉಳ ಜ್ವರಕ್ಕೆ ಕುಂತವೆ."

ಜ್ವರ ಅಂದರೆ ರೇಷ್ಮೆ ಹುಳ ಪೊರೆ ಬಿಡುವ ಹೊತ್ತು. ಹೊರಗಿನವರು ಹುಳದ ಮನೆಗೆ ಕಾಲಿಡುವಂತಿಲ್ಲ. ಮಚ್ಚು ಹಿಡಿದು ನಿಂತ ಮಾಂಬಳ್ಳಿಯ ವೀರಮ್ಮನ ಕಾನೂನು ಅದು.

ಕೊಳ್ಳೇಗಾಲದಲ್ಲಿ ಹದಿನೆಂಟು ವರ್ಷ ಪತ್ತೇದಾರಿ ಮಾಡಿದವನು ನಾನು. ಎಂತೆಂಥ ರೌಡಿಗಳನ್ನೋ ನೋಡಿದ್ದೇನೆ. ಹಿಂದಕ್ಕೆ ಹೆಜ್ಜೆ ಇಟ್ಟಿದ್ದು ಇವತ್ತೇ.

ಕೇಸು ಇಷ್ಟು. ವೀರಮ್ಮನ ಗಂಡ ದೊಡ್ಡಮಾದಪ್ಪ ಮಗಳ ಮದುವೆ ಸರವನ್ನು ಭದ್ರವಾಗಿ ಎಲ್ಲೋ ಇಟ್ಟ. ಎಲ್ಲಿ? ನೆನಪಿಲ್ಲ. ಸರ ಹಿಡಿದು ಹುಳದ ಮನೆಯೊಳಕ್ಕೆ ಹೋದದ್ದಷ್ಟೇ ಗೊತ್ತು. ಹುಡುಕಿದರು, ಸಿಗಲಿಲ್ಲ. ಸೊಪ್ಪು ಕೊಯ್ಯುವ ಪುಷ್ಪಳೇ ಕಳ್ಳಿ ಎಂದು ಸಂಜೆ ಐದಕ್ಕೆ ಪೊಲೀಸ್ ಕಂಪ್ಲೇಂಟ್ ಕೊಡುವುದಾಗಿ ವೀರಮ್ಮ ಗಡುವು ಹಾಕಿದ್ದಳು.

ಈಗ ನಾಲ್ಕೂವರೆ. ಪುಷ್ಪ ನನ್ನ ಕ್ಲೈಂಟ್.

"ಅಮ್ಮಾವ್ರೆ, ನರದ ಡಾಕ್ಟ್ರನ್ನ ಕೇಳ್ಕಂಡ್ ಬಂದಿವ್ನಿ. ಒಸ್ಲು ದಾಟುದ್ರೆ ಮಿದ್ಳು ಆ ಕೋಣೆ ಫೈಲ್ ಮುಚ್ಬುಡ್ತದಂತೆ. ಅದೇ ಜಾಗಕ್ಕೆ ವಾಪಸ್ ಬಂದ್ರೆ ತಿರ್ಗಾ ತೆಗೀತದೆ."

"ನಮ್ ಯಜಮಾನ್ರ ಮಿದ್ಳಲ್ಲಿ ಫೈಲ್ ಯಾವತ್ತಿತ್ತು?"

ಆದರೂ ಮಚ್ಚು ಕೆಳಗಿಳಿಯಿತು. ಕಾಲು ತೊಳೆದು, ದೊಡ್ಡಮಾದಪ್ಪನನ್ನೂ ಕರೆದುಕೊಂಡು ಒಳಗೆ ಹೋದೆವು.

ದೊಡ್ಡಮಾದಪ್ಪ ಹುಳದ ವಾಸನೆ ಎಳೆದುಕೊಂಡು ನಿಂತ. ಒಂದು ಕ್ಷಣ... ಎರಡು... ಕೈ ತಾನಾಗಿ ಮೂಲೆಗೆ ಚಾಚಿತು.

"ಸುಣ್ಣುದ್ ಡಬ್ಬಿ! ಅದ್ರೊಳ್ಗೆ ಮಡಗ್ದೆ ಕಣಪ್ಪ. ಯಾವ್ ಕಳ್ಳ ಸುಣ್ಣುಕ್ ಕೈ ಆಕ್ತಾನೆ ಅಂತ..."

ಮೂಲೆ ಖಾಲಿ!

ಜ್ವರಕ್ಕೆ ಕೂತ ಹುಳದ ಮೇಲೆ ಉದುರಿಸುವ ಸುಣ್ಣ ಅದು. ಹುಳ ಸಾಕುವ ಬೇರೆಯವರೂ ಹೊಸ್ತಿಲಾಚೆ ನಿಂತು ಕೇಳಿ ಒಯ್ಯುತ್ತಾರೆ.

"ಅಗರದ ಚೆನ್ನಯ್ಯ ಈಗ್ತಾನೆ ತಕಂಡೋದ," ಎಂದಳು ವೀರಮ್ಮ.

ಬೈಕ್ ಹತ್ತಿದೆ. ಕಬ್ಬಿನ ಟ್ರ್ಯಾಕ್ಟರ್... ಕುರಿ ಮಂದೆ... ಕೊನೆಗೂ ಚೆನ್ನಯ್ಯನ ಮೊಪೆಡ್ಡಿಗೆ ಅಡ್ಡ ಹಾಕಿದೆ.

"ಡಬ್ಬಿ ಕೊಡು!"

"ಸುಣ್ಣುಕ್ ಇಂಗ್ ಅಟ್ಟಿಸ್ಕಂಡ್ ಬಂದ್ರಾ ಸಾ? ಅರ್ಧ ತಕಳಿ."

ಕೈ ಹಾಕಿದೆ. ಉರಿಯಿತು. ಸರ ಸಿಕ್ಕಿತು.

ಐದಕ್ಕೆ ಎರಡು ನಿಮಿಷ ಇರುವಾಗ ಅದನ್ನು ವೀರಮ್ಮನ ಕೈಯಲ್ಲಿಟ್ಟೆ. ಪುಷ್ಪ ಅಂಗಳದಲ್ಲಿ ಅಳುತ್ತಿದ್ದಳು.

"ಸುಣ್ಣುದ್ ಡಬ್ಬಿ ನೋಡಿ ಅಂತ ನಾನ್ ಮೊದ್ಲಿಂದ್ಲೂ ಏಳ್ಲಿಲ್ವಾ?" ಎಂದಳು ವೀರಮ್ಮ. "ಪುಷ್ಪನ್ನ ಕಳ್ಳಿ ಅಂತ ನಾನ್ಯಾವಾಗ ಅಂದೆ?"

ಬೇಕೆಂದು ಹೇಳಿದ ಸುಳ್ಳಲ್ಲ. ಆಕೆ ಹಾಗೇ ನಂಬಿದ್ದಳು. ಇದನ್ನೂ ಡಾಕ್ಟರ್ ಹೇಳಿದ್ದರು... ನಿಜ ಗೊತ್ತಾದ ಮೇಲೆ ಮಿದುಳು ಹಳೇ ನೆನಪನ್ನು ತನಗೆ ಬೇಕಾದಂತೆ ತಿದ್ದಿಕೊಳ್ಳುತ್ತದಂತೆ.

ನನಗೆ ಸಿಟ್ಟು ಬಂತು. ಬೆಳಿಗ್ಗೆ ವಿಚಾರಣೆ ಮಾಡುವಾಗ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದೆ. ಒತ್ತಿದೆ. ಅಂಗಳದ ತುಂಬ ವೀರಮ್ಮನ ದನಿ.

"ಆ ಪುಷ್ಪನೇ ಕಳ್ಳಿ. ನಾನೇ ಕಣ್ಣಾರೆ ಕಂಡಿವ್ನಿ."

ವೀರಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಪುಷ್ಪ ಕಣ್ಣೊರೆಸಿಕೊಂಡಳು. ಬಂದು ವೀರಮ್ಮನ ಜಗಲಿಯ ಮೇಲೆ ಕೂತಳು.

"ಸೌಂಡ್ ಇನ್ನೊಸಿ ಜಾಸ್ತಿ ಮಾಡಿ ಸಾ. ಪಕ್ಕದ್ ಮನೆಯವ್ರ್ಗೂ ಕೇಳ್ಲಿ."