ಮೂತಿಗೂ ಬಾಲಕ್ಕೂ ನಡುವೆ ಒಂದು ಬಾಯ್ಲರ್

ಬಾಯಿ ತಪ್ಪಿ ಬಂದ ಮಾತು, ಅಷ್ಟೇ. ಬೆಳಗಿನ ಬಿಸಿಲು ಇನ್ನೂ ಎಳೆಯದಾಗಿತ್ತು. ಕಾಗದದ ಕಾರ್ಖಾನೆಗೆ ಹೊರಟಿದ್ದ ಭಾರೀ ಬಾಯ್ಲರನ್ನು ಹೊತ್ತ ಟ್ರೇಲರ್, ಊರ ಹೊರಗಿನ ರಸ್ತೆಯಲ್ಲಿ ಮನುಷ್ಯರು ನಡೆಯುವ ವೇಗದಲ್ಲಿ ಹೋಗುತ್ತಿತ್ತು. ಮುಂದಿನ ಜೀಪಿನಿಂದ ಮೇಸ್ತ್ರಿ ವಾಕಿಟಾಕಿಯಲ್ಲಿ, "ಮುಂದೆ ಹಂಪ್ ಇದೆ, ನಿಧಾನ" ಎಂದರು. ಟ್ರೇಲರನ್ನು ಎಳೆಯುವ ಪುಲ್ಲರಿನ ಡ್ರೈವರ್ ಗುಂಡಿ ಒತ್ತಿ, "ಆಯ್ತು ಮಾವ" ಎಂದ.

ಮೇಸ್ತ್ರಿ ಅವನಿಗೆ ಮಾವನಲ್ಲ. ದೂರದ ನೆಂಟರೂ ಅಲ್ಲ. ಆ ಚಾನೆಲ್ಲಿನಲ್ಲಿ ಅವರನ್ನು ಮಾವ ಎನ್ನುವ ಹಕ್ಕಿದ್ದವಳು ಒಬ್ಬಳೇ: ಟ್ರೇಲರಿನ ಕಟ್ಟಕಡೆಯ ಸೀಟಿನಲ್ಲಿ ಕೂತು ಹಿಂದಿನ ಚಕ್ರಗಳನ್ನು ತಿರುಗಿಸುವ ಅವರ ಅಕ್ಕನ ಮಗಳು. ಒಂದು ಹೆಣ್ಣಿನ ಸೋದರಮಾವನನ್ನು ನೆಂಟಸ್ತಿಕೆಯಿಲ್ಲದ ಗಂಡಸು ಮಾವ ಎಂದುಬಿಟ್ಟರೆ ಅದರ ಅರ್ಥವೇನೆಂದು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಬಾಯ್ಲರಿನ ನೆತ್ತಿಯ ಮೇಲೆ ಕೂತು, ಅಡ್ಡ ಬರುವ ತಂತಿಗಳನ್ನು ಉದ್ದನೆಯ ಕೋಲಿನಿಂದ ಎತ್ತಿ ದಾಟಿಸುವ ಕೊಕ್ಕರೆ ಎಲ್ಲರಿಗಿಂತ ಮೊದಲು ಚೇತರಿಸಿಕೊಂಡ. ಕಾಲು ಉದ್ದ, ಕುತ್ತಿಗೆ ಉದ್ದ ಎಂದು ಅವನಿಗೆ ಆ ಹೆಸರು. ನಾಲಿಗೆಯೂ ಉದ್ದವೇ, ಆದರೆ ಅದಕ್ಕೆ ಬೇರೆ ಹೆಸರಿಟ್ಟಿರಲಿಲ್ಲ.

"ಮೇಸ್ತ್ರಿ, ಅಳಿಯಂದ್ರು ಏನೋ ಅಂದ ಹಾಗಿತ್ತು. ಕೇಳಿಸ್ತಾ?"

"ತಂತಿ ನೋಡೋ, ಕೊಕ್ಕರೆ" ಎಂದರು ಮೇಸ್ತ್ರಿ.

ಹಿಂದಿನ ಸೀಟಿನಲ್ಲಿ ಅವಳಿಗೆ ಕಿವಿಯವರೆಗೂ ಬಿಸಿ ಏರಿತು. ಮೊದಲು ನಗು ಬಂತು. ಅದರ ಬೆನ್ನಿಗೇ ಹೆದರಿಕೆ ಬಂತು, ಮತ್ತು ನಗು ಹೋದ ಮೇಲೂ ಅದು ಹೋಗಲಿಲ್ಲ.

ಮೇಸ್ತ್ರಿ ಕೆಲಸದಲ್ಲಿ ಯಾರನ್ನೂ ಹೆಸರು ಹಿಡಿದು ಕರೆಯುವವರಲ್ಲ. ಪುಲ್ಲರಿನವನು ಮೂತಿ, ಅಕ್ಕನ ಮಗಳು ಬಾಲ. ಮೂತಿ ಎಳೆಯಬೇಕು, ಬಾಲ ತಿರುಗಬೇಕು. ಎರಡೂ ಒಂದೇ ಮಾತು ಕೇಳಬೇಕು. ನಡುವೆ ಮಲಗಿಸಿದ ಎರಡಂತಸ್ತಿನ ಮನೆಯಷ್ಟು ಕಬ್ಬಿಣ. ಮೂತಿಗೆ ಬಾಲ ಕಾಣುವುದಿಲ್ಲ, ಬಾಲಕ್ಕೆ ಮೂತಿ ಕಾಣುವುದಿಲ್ಲ. ಊಟಕ್ಕೆ ನಿಲ್ಲಿಸಿದಾಗಲೂ ಮೇಸ್ತ್ರಿ ಸರಿಯಾಗಿ ಮಧ್ಯದಲ್ಲೇ ಕೂರುತ್ತಿದ್ದರು. ಹೀಗಾಗಿ ಇವರ ಪ್ರೀತಿ ಕಿವಿಯಿಂದ ಶುರುವಾಯಿತು ಎನ್ನಬೇಕು.

"ಬಾಲ, ನೆಗಡಿಯಾ?"

"ನಿಮಗೆ ಹೇಗೆ ಗೊತ್ತು?"

"ಎಡ ಅಂದಿದ್ದು ನನಗೆ ಎಣ ಅಂತ ಕೇಳಿಸ್ತು. ಇನ್ನೊಂದು ಸಲ ಎಣ ಅಂದ್ರೆ ಗದ್ದೆಗೇ ಇಳಿಸ್ತೀನಿ ನೋಡಿ."

"ಇಳಿಸಿ. ಆಮೇಲೆ ಮೇಸ್ತ್ರಿ ಇಳಿಸ್ತಾರೆ ನಿಮ್ಮನ್ನ, ಸೀಟಿಂದ."

ಇಷ್ಟೇ. ಇದರಲ್ಲಿ ಏನಿದೆ ಎಂದು ಕೇಳಿದರೆ ಏನೂ ಇಲ್ಲ. ಆದರೆ ದಿನವಿಡೀ ಒಂದೇ ದನಿ ಕಿವಿಯಲ್ಲಿ ಇದ್ದರೆ, ಆ ದನಿ ಉಸಿರು ತೆಗೆದುಕೊಳ್ಳುವ ರೀತಿಯೂ ಗೊತ್ತಾಗಿಬಿಡುತ್ತದೆ. ಅವನು ಸುಳ್ಳು ಹೇಳುವ ಮೊದಲು ಸಣ್ಣಗೆ ಕೆಮ್ಮುತ್ತಾನೆ, ಹಸಿವಾದರೆ ಪದಗಳನ್ನು ನುಂಗುತ್ತಾನೆ, ಖುಷಿಯಾಗಿದ್ದರೆ ಗುಂಡಿ ಬಿಡಲು ತಡಮಾಡುತ್ತಾನೆ ಎಂಬುದೆಲ್ಲ ಅವಳಿಗೆ ಬಾಯಿಪಾಠವಾಗಿತ್ತು.

ಕಣ್ಣಿಗೆ ಸಿಗುತ್ತಿದ್ದದ್ದು ತಿರುವುಗಳಲ್ಲಿ ಮಾತ್ರ. ನೇರ ರಸ್ತೆಯಲ್ಲಿ ಬಾಯ್ಲರ್ ಎಲ್ಲವನ್ನೂ ಮುಚ್ಚಿಬಿಡುತ್ತದೆ. ರಸ್ತೆ ಬಾಗಿದಾಗ ಟ್ರೇಲರೂ ಬಾಗುತ್ತದೆ, ಆಗ ಪುಲ್ಲರಿನ ಉದ್ದ ಕನ್ನಡಿಯಲ್ಲಿ ಬಾಲದ ಸೀಟು ಮೆಲ್ಲಗೆ ಮೂಡುತ್ತದೆ. ಅವಳಿಗೂ ಆ ಕನ್ನಡಿಯೊಳಗೆ ಅವನ ಕಣ್ಣು, ಹುಬ್ಬು, ಒಂದು ಕೆನ್ನೆ ಕಾಣುತ್ತದೆ. ಒಮ್ಮೆ ಅವನು ಹುಬ್ಬು ಏರಿಸಿದ. ಅವಳು ನೋಡದವಳಂತೆ ಕೂದಲನ್ನು ಕಿವಿಯ ಹಿಂದೆ ಸಿಕ್ಕಿಸಿಕೊಂಡಳು. ಅದರ ಮುಂದಿನ ತಿರುವಿನಲ್ಲಿ ಅವನೂ, ಗಿಡ್ಡವಾಗಿ ಕತ್ತರಿಸಿದ ತನ್ನ ಕೂದಲನ್ನು ಅದೇ ಥರ ಕಿವಿಯ ಹಿಂದೆ ಸಿಕ್ಕಿಸುವ ನಾಟಕ ಮಾಡಿದ. ಅವಳು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು.

"ಮೂತಿ, ಈಚೆಗೆ ತಿರುವಲ್ಲಿ ಗಾಡಿ ಬಹಳ ನಿಧಾನ ಆಗ್ತಿದೆಯಲ್ಲ?" ಎಂದು ಕೊಕ್ಕರೆ ಮೇಲಿಂದ ಕೇಳಿದ.

"ಲೋಡು ಭಾರ."

"ಯಾವ ಲೋಡು?"

ಅವಳಿಗೆ ಅವನು ಇಷ್ಟ. ಇದನ್ನು ಸುತ್ತಿ ಬಳಸಿ ಹೇಳಿ ಪ್ರಯೋಜನವಿಲ್ಲ. ತುಂಬಾ ಇಷ್ಟ. ಆದರೆ ಆ ಸೀಟೂ ಇಷ್ಟ, ಮತ್ತು ತೊಂದರೆ ಇದ್ದದ್ದೇ ಅಲ್ಲಿ.

ಮೇಸ್ತ್ರಿಯದು ಒಂದು ಕಟ್ಟಳೆ. ಮೂತಿಗೂ ಬಾಲಕ್ಕೂ ನೆಂಟಸ್ತನ ಇರಕೂಡದು. ಮೇಸ್ತ್ರಿ ಇನ್ನೂ ಚಿಕ್ಕವರಿದ್ದಾಗ ಒಂದು ಗಾಡಿಯಲ್ಲಿ ಯಾರೋ ಅಣ್ಣತಮ್ಮಂದಿರು, ಅಣ್ಣ ಮುಂದೆ, ತಮ್ಮ ಹಿಂದೆ ಕೂತಿದ್ದರಂತೆ. ಅಣ್ಣ ತಪ್ಪಾಗಿ ಎಳೆಯುತ್ತಿದ್ದದ್ದು ತಮ್ಮನಿಗೆ ಕಂಡಿತು. ನಾಲ್ಕು ಜನರ ಎದುರು ಅಣ್ಣನಿಗೆ ಹೇಗೆ ಹೇಳುವುದು ಎಂದು ಅವನು ಒಂದು ಗಳಿಗೆ ಬಾಯಿ ಕಟ್ಟಿ ಕೂತ. ಟ್ರೇಲರ್ ಕಾಲುವೆಗೆ ಬಿತ್ತು, ತಮ್ಮನ ಕಾಲು ಹೋಯಿತು. ಮುಂದಿರುವವರು, ಹಿಂದಿರುವವರು ಒಬ್ಬರ ತಪ್ಪನ್ನು ಇನ್ನೊಬ್ಬರು ಮುಚ್ಚಿಡಬಾರದು, ಬಾಯಿ ತುಂಬಾ ಬೈಯುವಂತಿರಬೇಕು ಎಂಬುದು ಮೇಸ್ತ್ರಿ ಅಂದಿನಿಂದ ಹಿಡಿದ ಹಟ. ಅವರು ಜೀಪಿನಲ್ಲಿ ಇರುವವರು, ಆದ್ದರಿಂದ ಅಕ್ಕನ ಮಗಳ ವಿಷಯಕ್ಕೆ ಅದು ತಾಗುತ್ತಿರಲಿಲ್ಲ. ಹೇಗಿದ್ದರೂ ಅವರು ಅವಳನ್ನು ಬೈಯುವುದರಲ್ಲಿ ಏನೂ ಕಡಿಮೆ ಮಾಡುತ್ತಿರಲಿಲ್ಲ.

ಚಕ್ರದಡಿ ಮರದ ತುಂಡು ಇಡುವ ಕೆಲಸದಿಂದ ಶುರುಮಾಡಿ ಅವಳು ಆ ಸೀಟಿಗೆ ಬಂದಿದ್ದಳು. ಹೊಲಿಗೆ ಅಂಗಡಿಗೆ ಸೇರು ಎಂದು ಅಮ್ಮ ಇವತ್ತಿಗೂ ಗೊಣಗುತ್ತಾಳೆ. ಬೇರೆ ಮೇಸ್ತ್ರಿಗಳು ಬಾಲದ ಲಿವರನ್ನು ಹೆಣ್ಣಿನ ಕೈಗೆ ಕೊಡುವವರಲ್ಲ. ಕೇಳಿ ನೋಡಿದ್ದಳು, ನಕ್ಕು ಕಳಿಸಿದ್ದರು. ಅವನು ಇಳಿದು ಬೇರೆ ಗಾಡಿಗೆ ಹೋದರೆ ಅವರಿಬ್ಬರೂ ಒಂದೇ ಊರಲ್ಲಿ ಇರುವ ದಿನವೇ ಬರುವುದಿಲ್ಲ. ಅವಳು ಇಳಿದರೆ ಹೊಲಿಗೆ ಅಂಗಡಿ.

ಅವನ ಬಾಯಿ ತಪ್ಪಿದ ಆ ದಿನವೇ ಮಧ್ಯಾಹ್ನ ಮರದ ನೆರಳಲ್ಲಿ ಚಹಾ ಕುಡಿಯುವಾಗ ಮೇಸ್ತ್ರಿ ಲೋಟ ಕೆಳಗಿಟ್ಟರು.

"ನೇರವಾಗಿ ಕೇಳ್ತೀನಿ. ನಿಮ್ಮಿಬ್ಬರ ಮಧ್ಯೆ ಏನಾದ್ರೂ ಇದೆಯಾ? ಇದ್ರೆ ಹೇಳಿ. ತಪ್ಪೇನಿಲ್ಲ. ಆದ್ರೆ ಒಬ್ಬರು ಇಳೀಬೇಕು."

ಅವನು ಬಾಯಿ ತೆರೆದ. ಅವನು ಹೂಂ ಎನ್ನುತ್ತಾನೆ, ನಾನೇ ಇಳಿಯುತ್ತೇನೆ ಎನ್ನುತ್ತಾನೆ ಎಂದು ಅವಳಿಗೆ ಅವನ ಉಸಿರಿನಲ್ಲೇ ಗೊತ್ತಾಯಿತು.

"ಏನೂ ಇಲ್ಲ ಮಾವ" ಎಂದಳು ಅವಳು, ಅವನಿಗಿಂತ ಮುಂಚೆ. "ನಿಮ್ಮನ್ನ ನಾನು ಮಾವ ಮಾವ ಅನ್ನೋದು ಕೇಳಿ ಕೇಳಿ ಅವರ ಬಾಯಿಗೂ ಬಂದಿದೆ. ಅಷ್ಟಕ್ಕೆಲ್ಲ ಪಂಚಾಯ್ತಿ ಸೇರಿಸ್ತೀರಲ್ಲ."

ಮೇಸ್ತ್ರಿ ಅವನ ಕಡೆ ತಿರುಗಿದರು. ಅವನು ಸಣ್ಣಗೆ ಕೆಮ್ಮಿ, "ಹೌದು ಮೇಸ್ತ್ರಿ, ಏನೂ ಇಲ್ಲ" ಎಂದ. ಚಹಾವನ್ನು ಅರ್ಧಕ್ಕೇ ಚೆಲ್ಲಿ ಎದ್ದು ಹೋದ.

ಆಮೇಲೆ ಶುರುವಾದದ್ದು ಮೇಡಂ ಕಾಟ. "ಎಡಕ್ಕೆ ಸ್ವಲ್ಪ" ಎಂದರೆ "ಆಗ್ಲಿ ಮೇಡಂ". "ನಿಲ್ಸಿ" ಎಂದರೆ "ನಿಲ್ಸಿದೀನಿ ಮೇಡಂ". ಒಂದು ಮೋರಿಯ ಬಳಿ ಅವಳು ಲಿವರನ್ನು ತಡವಾಗಿ ತಿರುಗಿಸಿದಳು, ಚಕ್ರ ಮಣ್ಣಿಗೆ ಇಳಿದು ಮತ್ತೆ ಏರಿತು. ಮೊದಲಾಗಿದ್ದರೆ ಅವನು, "ಏನ್ರೀ, ನಿದ್ದೆನಾ?" ಎಂದು ಹಾರಾಡುತ್ತಿದ್ದ. ಈಗ, "ಪರವಾಗಿಲ್ಲ ಮೇಡಂ" ಎಂದ. ಬೈಗುಳ ಸಿಗದಿದ್ದಕ್ಕೆ ಅಳು ಬರುವುದು ಅವಳಿಗೂ ಹೊಸದು. ಯಾರಿಗೂ ಕಾಣದ ಸೀಟು, ಹಾಗಾಗಿ ಸ್ವಲ್ಪ ಅತ್ತೂಬಿಟ್ಟಳು.

ಹೀಗೇ ಕೆಲವು ದಿನ ಕಳೆದು, ಕಾರ್ಖಾನೆಗೆ ಮುಂಚಿನ ಕಡೆಯ ಊರು ಬಂತು. ಪೇಟೆಯ ನಡುವೆ ಒಂದು ನಾಲ್ಕುದಾರಿ, ಅಲ್ಲಿ ಎಡಕ್ಕೆ ಬಿಗಿಯಾದ ತಿರುವು. ಮೂಲೆಯಲ್ಲಿ ಕ್ಷೌರದಂಗಡಿ. ಅದರ ಮುಂದೆ ಜನ ಗುಂಪುಗೂಡಿದ್ದರು. ಇಷ್ಟು ದೊಡ್ಡ ಸಾಮಾನು ತಮ್ಮ ಪೇಟೆಯಲ್ಲಿ ತಿರುಗುವುದನ್ನು ಬಿಟ್ಟು ಯಾರು ಮನೆಗೆ ಹೋಗುತ್ತಾರೆ?

"ಎಲ್ಲಾ ಕ್ಲಿಯರ್. ಬರ್ಲಿ, ಬರ್ಲಿ" ಎಂದರು ಮೇಸ್ತ್ರಿ ಮುಂದಿನಿಂದ.

ಪುಲ್ಲರ್ ತಿರುಗಿತು. ಟ್ರೇಲರ್ ಬಾಗತೊಡಗಿತು. ಮತ್ತೆ ಆ ಕನ್ನಡಿ. ಅವನ ಕಣ್ಣು ಅಲ್ಲಿತ್ತು. ಆ ಚಹಾದ ದಿನದಿಂದ ತಿರುವಿನಲ್ಲೂ ನೋಡದಿದ್ದವನು ಇವತ್ತು ನೋಡುತ್ತಿದ್ದ. ನಾಳೆ ಬಾಯ್ಲರ್ ಇಳಿಯುತ್ತದೆ, ಆಮೇಲೆ ಯಾರು ಎಲ್ಲಿಯೋ ಎಂದು ಅವಳಿಗೆ ಹೊಳೆಯಿತು. ಅವಳು ನೋಡಿದಳು, ನೋಡುತ್ತಲೇ ಇದ್ದಳು. ಬೆನ್ನ ಹಿಂದೆ ಯಾರೋ ಕಿರುಚಿದಾಗ ತಿರುಗಿದರೆ, ಟ್ರೇಲರಿನ ಮೂಲೆ ಕ್ಷೌರದಂಗಡಿಯ ಬಾಗಿಲಿಗೆ ಗೇಣು ದೂರದಲ್ಲಿತ್ತು.

"ನಿಲ್ಸಿ!"

"ಬರ್ಲಿ, ಯಾಕೆ ನಿಲ್ತೀಯ, ಕ್ಲಿಯರ್ ಇದೆ" ಎಂದು ಮೇಸ್ತ್ರಿ ಕೂಗುತ್ತಿದ್ದರು. ಮೂತಿ ಅವರ ಮಾತು ಕೇಳಲಿಲ್ಲ. ಅವಳ ದನಿಯ ಮೊದಲ ಅಕ್ಷರಕ್ಕೇ ಗಾಡಿ ನಿಂತಿತ್ತು.

ಯಾರಿಗೂ ಏನೂ ಆಗಿರಲಿಲ್ಲ. ತಪ್ಪನ್ನು ಬ್ರೇಕಿನ ಮೇಲೋ, ರಸ್ತೆಯ ಮೇಲೋ ಹಾಕಿ ಸುಮ್ಮನಿರಬಹುದಿತ್ತು. ಹಾಕಲು ಮನಸ್ಸು ಬರಲಿಲ್ಲ.

"ತಪ್ಪು ನಂದು" ಎಂದಳು ವಾಕಿಯಲ್ಲಿ. "ಮೂಲೆ ನೋಡ್ಲಿಲ್ಲ. ಕನ್ನಡಿ ನೋಡ್ತಿದ್ದೆ."

ಈಗ ಪರವಾಗಿಲ್ಲ ಮೇಡಂ ಎಂದರೆ ಇಳಿದು ಹೊಲಿಗೆ ಅಂಗಡಿಗೇ ಹೋಗಿಬಿಡುತ್ತೇನೆ ಎಂದುಕೊಂಡಳು.

"ಕನ್ನಡಿ ನೋಡ್ತಿದ್ರಾ?" ಅವನ ದನಿ ವಾಕಿಯನ್ನು ಒಡೆಯುವಂತೆ ಬಂತು. "ತಲೆ ನೆಟ್ಟಗಿದೆಯೇನ್ರೀ? ಕನ್ನಡಿ ನೋಡೋದು ನನ್ನ ಕೆಲಸ! ನಿಮ್ಮ ಕೆಲಸ ಮೂಲೆ ನೋಡೋದು! ಅಲ್ಲಿ ಜನ ನಿಂತಿದ್ದಾರೆ, ಒಬ್ಬರ ಮೇಲೆ ಹತ್ತಿದ್ರೆ ಏನ್ ಮಾಡ್ತಿದ್ರಿ?"

"ಓಹೋ! ನೀವು ಭಾರೀ ರಸ್ತೆ ನೋಡ್ತಿದ್ರಿ ಅಲ್ವಾ? ನೀವು ನೋಡಿದ್ದಕ್ಕೇ ನಾನು ನೋಡಿದ್ದು! ನೋಡೋ ಹಾಗಿದ್ರೆ ಇಷ್ಟು ದಿನ ನೋಡ್ಬೇಕಿತ್ತು, ಮೇಡಂ ಮೇಡಂ ಅಂತ ಪ್ರಾಣ ತಿಂದಿದ್ದು ಯಾರು?"

"ಏನೂ ಇಲ್ಲ ಅಂದೋರು ಯಾರು?"

"ಅಂದೆ! ಸೀಟು ಹೋಗುತ್ತಲ್ಲ ಅಂತ ಅಂದೆ! ನಿಮಗೇನು, ಎಲ್ಲಿ ಹೋದ್ರೂ ಕೂರಿಸ್ತಾರೆ. ನನ್ನ ಯಾರು ಕೂರಿಸ್ತಾರೆ?"

ಕ್ಷೌರದಂಗಡಿಯಿಂದ ಅರ್ಧ ಮುಖಕ್ಕೆ ನೊರೆ ಹಚ್ಚಿಕೊಂಡ ಗಿರಾಕಿಯೊಬ್ಬ ಹೊರಗೆ ಬಂದು, "ಗಂಡ ಹೆಂಡ್ತಿನಾ?" ಎಂದು ಕೇಳಿದ. "ಇನ್ನೂ ಇಲ್ಲ" ಎಂದು ಬಾಯ್ಲರಿನ ಮೇಲಿಂದ ಕೊಕ್ಕರೆ ಉತ್ತರ ಕೊಟ್ಟ.

"ಮುಗೀತಾ?" ಮೇಸ್ತ್ರಿಯ ದನಿ.

ಮೇಸ್ತ್ರಿ ಗುಂಡಿ ಒತ್ತಿ ಹಿಡಿದೇ ಇದ್ದರು. ಅವರು ಮೂಗೊರೆಸಿಕೊಂಡ ಸದ್ದು ಎಲ್ಲರಿಗೂ ಕೇಳಿಸಿತು.

"ನೋಡಿ. ಪ್ರೀತಿ ಇದ್ದೋರು ತಪ್ಪು ಮುಚ್ಚಿಡ್ತಾರೆ ಅಂತ ನನ್ನ ಹೆದರಿಕೆ. ನೀವು ಪೇಟೆ ಜನರನ್ನೆಲ್ಲ ಸೇರಿಸ್ಕೊಂಡು ಸಾರ್ತಾ ಇದೀರ. ಅವಳು ಮಾಡಿದ್ದನ್ನ ಅವಳೇ ಒಪ್ಕೊಂಡ್ಳು, ನೀನು ಬಿಡ್ಲಿಲ್ಲ. ನಾನು ಬಾ ಅಂದ್ರೂ ಅವಳು ನಿಲ್ಸು ಅಂದ್ರೆ ನಿಲ್ಲಿಸ್ದೆ. ಇಷ್ಟಕ್ಕೆ ಯಾರನ್ನ ಇಳಿಸ್ಲಿ? ಯಾರೂ ಇಳಿಯೋದು ಬೇಡ. ಕೂತಲ್ಲೇ ಕೂತಿರಿ."

ಆದರೆ ಒಬ್ಬ ಇಳಿದ. ಇಂಜಿನ್ ಗುರುಗುಡುತ್ತಿರುವಾಗಲೇ ಮೂತಿ ಸೀಟಿನಿಂದ ಹಾರಿ, ಚಕ್ರಗಳ ಸಾಲಿನ ಪಕ್ಕ ಹಿಂದಕ್ಕೆ ನಡೆದು ಬಂದ. ಬಾಯ್ಲರಿನಷ್ಟು ಉದ್ದದ ದಾರಿ. ಜನ ಸರಿದು ಜಾಗ ಬಿಟ್ಟರು. ಕನ್ನಡಿಯಲ್ಲಿ ಒಂದು ಕೆನ್ನೆಯಷ್ಟೇ ಕಂಡಿದ್ದವನಿಗೆ ಇನ್ನೊಂದು ಕೆನ್ನೆಯಲ್ಲಿ ಸಣ್ಣ ಗುಳಿ ಇರುವುದು ಅವಳಿಗೆ ಆಗ ತಿಳಿಯಿತು. ಚಹಾದ ಹೊತ್ತಿನಲ್ಲಿ ಅವಳು ಎಂದೂ ಅವನನ್ನು ಸರಿಯಾಗಿ ನೋಡಿರಲೇ ಇಲ್ಲ, ಮಾವನ ಭಯಕ್ಕೆ.

ಅವನು ಸೀಟಿನ ಕಂಬಿ ಹಿಡಿದುಕೊಂಡ. ಅವಳು ಲಿವರ್ ಹಿಡಿದುಕೊಂಡೇ ಇದ್ದಳು.

"ಜೋರಾಗಿ ಬೈದೆ" ಎಂದ.

"ಬೈಬೇಕಾಗಿತ್ತು."

"ನನ್ನ ಮದುವೆ ಆಗ್ತೀರಾ?"

"ಇಲ್ಲೇನಾ? ನಡುರಸ್ತೇಲಿ?"

"ರಸ್ತೆ ಬಿಟ್ಟು ನಮಗೆ ಇನ್ನೆಲ್ಲಿದೆ ಜಾಗ?"

ಹಿಂದೆ ನಿಂತಿದ್ದ ಬಸ್ಸು ಹಾರ್ನ್ ಹೊಡೆಯಿತು. ಮೇಲಿಂದ ಕೊಕ್ಕರೆ ಉಸಿರು ಬಿಗಿಹಿಡಿದು ಬಗ್ಗಿ ನೋಡುತ್ತಿದ್ದ. ಅವಳಿಗೆ ನಾಚಿಕೆಯಾಯಿತು, ಖುಷಿಯಾಯಿತು, ಬಸ್ಸಿನವರಿಗೆ ತೊಂದರೆಯಾಗುತ್ತಿದೆ ಎಂಬ ಚಿಂತೆಯೂ ಆಯಿತು.

"ಹೋಗಿ ಮೊದಲು ಗಾಡಿ ಹತ್ತಿ. ಅಲ್ಲಿಂದ ಕೇಳಿ, ಹೇಳ್ತೀನಿ" ಎಂದಳು.

ಅವನು ಬಂದಷ್ಟೇ ದೂರ ಮತ್ತೆ ನಡೆದ. ಅವಳು ಈ ಸಲ ಮೂಲೆ ನೋಡಿದಳು, ಅಂಗಡಿಯ ಮುಂದಿನ ಜನರನ್ನು ದೂರ ಸರಿಸಿದಳು, ಚಕ್ರಗಳನ್ನು ಹೊರಳಿಸಿ ಸಿದ್ಧ ಮಾಡಿಕೊಂಡಳು. ಪುಲ್ಲರಿನ ಬಾಗಿಲು ಹಾಕಿದ ಸದ್ದು ವಾಕಿಯಲ್ಲಿ ಬಂತು, ಆಮೇಲೆ ಅವನ ಉಸಿರು.

"ಕೇಳ್ತಿದೀನಿ ಬಾಲ. ಏನಂತೀರಿ?"

ಮಾವ, ಕೊಕ್ಕರೆ, ನೊರೆ ಒಣಗುತ್ತಿದ್ದ ಗಿರಾಕಿ, ಎಲ್ಲರೂ ಕಿವಿ ನಿಮಿರಿಸಿದ್ದರು. ಅವಳು ಗುಂಡಿ ಒತ್ತಿದಳು.

"ಹೂಂ ಅಂತೀನಿ. ನೀನು ಎಳಿ, ತಿರುಗಿಸೋದು ನಾನು."