ಪರದೆಯ ಹಿಂದಿನ ಅಳತೆ

“ಬೆಳಗ್ಗೆಯಿಂದ ಸಂಜೆಯೊಳಗೆ ಹೊಟ್ಟೆ ಒಂದಿಂಚು ದಪ್ಪ ಆಗಿಬಿಡುತ್ತಾ?”

ಕೇಳಿದ್ದು ಯಾರನ್ನೂ ಅಲ್ಲ. ಟ್ರಯಲ್ ರೂಮಿನ ಪರದೆಯ ಹಿಂದೆ ಬಟನ್ ಒಬ್ಬಳೇ ಇದ್ದಳು. ಸೊಂಟಕ್ಕೆ ಅಪ್ಪನ ಟೇಪು ಸುತ್ತಿತ್ತು. ಕೈಯಲ್ಲಿ ಬಟ್ಟೆಗೆ ಗುರುತು ಹಾಕುವ ನೀಲಿ ಸೀಮೆಸುಣ್ಣ.

ಅವಳ ಅಪ್ಪ ಟೈಲರ್. ಮನೆಯ ಮುಂದಿನ ಕೋಣೆಯೇ ಅಂಗಡಿ. ಕಾಜಾ ಹಾಕುವುದು, ಗುಂಡಿ ಹೊಲಿಯುವುದು ಅಮ್ಮನ ಕೆಲಸ. ಅದಕ್ಕೇ ಐದನೇ ಕ್ಲಾಸಿನವರೆಲ್ಲ ಇವಳಿಗೆ ಬಟನ್ ಅಂತ ಹೆಸರಿಟ್ಟುಬಿಟ್ಟಿದ್ದರು.

ಗೋಡೆಯ ಮೇಲೆ ಮೂರು ದಿನದ ಅಂಕಿಗಳಿದ್ದವು. ಬೆಳಗ್ಗೆ ಇಪ್ಪತ್ತಮೂರು, ಸಂಜೆ ಊಟವಾದ ಮೇಲೆ ಇಪ್ಪತ್ತನಾಲ್ಕು. ಮೂರು ದಿನವೂ ಅಷ್ಟೇ.

“ಒಳಗೆ ಬರ್ಲೇನೇ?” ಪರದೆಯ ಆಚೆಯಿಂದ ಅಮ್ಮನ ದನಿ. ಆ ಮನೆಯಲ್ಲಿ ಕೇಳದೆ ಪರದೆ ಸರಿಸುವವರಿಲ್ಲ.

“ಹ್ಞೂಂ” ಎಂದಳೋ ಇಲ್ಲವೋ, ಬಟನ್‌ಗೆ ಅಳು ಒತ್ತರಿಸಿಕೊಂಡು ಬಂತು.

“ಅಮ್ಮಾ, ನಂಗೆ ಪಾಪು ಆಗುತ್ತೆ!”

ಅಮ್ಮ ಗೋಡೆ ನೋಡಿದಳು, ಮಗಳನ್ನು ನೋಡಿದಳು. ನಗಲಿಲ್ಲ. ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಳು. “ಯಾರು ಹೇಳಿದ್ರು?”

“ರೇಡಿಯೋ. ಆಟದ ಪೀರಿಯಡ್ಡಲ್ಲಿ ಬಾಯಾರಿತ್ತು. ಗೋಲ್‌ಕೀಪರ್ ಹುಡುಗ ಇದ್ದಾನಲ್ಲ, ಅವನ ಬಾಟಲೀನ ಕಚ್ಚಿ ಕುಡಿದ್ಬಿಟ್ಟೆ. ಹುಡುಗರ ಎಂಜಲು ಕುಡಿದ್ರೆ ಪಾಪು ಆಗುತ್ತಂತೆ.”

ರೇಡಿಯೋ ಎಂದರೆ ಪಕ್ಕದ ಬೆಂಚಿನ ಗೆಳತಿ. ಬಾಯಿ ತೆರೆದರೆ ಮುಚ್ಚುವ ಸ್ವಿಚ್ಚೇ ಇಲ್ಲ.

“ರೀ, ಸ್ವಲ್ಪ ಬನ್ನಿ ಇಲ್ಲಿ.”

ಅಪ್ಪ ಬಂದ. ವಿಷಯ ಕೇಳಿದ್ದೇ ತಡ, ಎರಡು ಗುಂಡುಸೂಜಿ ತುಟಿಯಲ್ಲಿ ಕಚ್ಚಿಕೊಂಡ. ಬಾಯಲ್ಲಿ ಸೂಜಿ ಇದ್ದರೆ ಮಾತಾಡಬೇಕಿಲ್ಲವಲ್ಲ! ನೀನೇ ಹೇಳು ಅಂತ ಅಮ್ಮನಿಗೆ ಕೈಸನ್ನೆ ಮಾಡಿದ.

“ಸೂಜಿ ತೆಗೀರಿ. ಇವಳು ನನ್ನೊಬ್ಬಳ ಮಗಳಾ?”

ಅಪ್ಪ ಸೂಜಿ ತೆಗೆದ. ಅಳೆದೂ ಸುರಿದೂ, ಕೊನೆಗೆ ಫ್ರಾಕು ಕತ್ತರಿಸುವ ಕಂದು ಕಾಗದ ಹಾಸಿ ಒಂದು ಮೈಯ ಆಕಾರ ಬರೆದ. ನಡುವೆ ಒಂದು ಚೀಲ.

“ನೋಡು ಮಗಳೇ, ಇದು ಊಟದ ಚೀಲ. ನೀನು ಕುಡಿದ ನೀರು ಬಂದಿದ್ದು ಇಲ್ಲಿಗೆ.”

“ಆಮೇಲೆ?”

“ಆಮೇಲೆ ಉಚ್ಚೆ. ಅಷ್ಟೇ.”

ಮೂರು ದಿನದಲ್ಲಿ ಮೊದಲ ಸಲ ಬಟನ್ ಕಿಸಕ್ಕನೆ ನಕ್ಕಳು.

ಅಮ್ಮ ಸೀಮೆಸುಣ್ಣ ತೆಗೆದುಕೊಂಡು ಕೆಳಗೆ ಇನ್ನೊಂದು ಚಿಕ್ಕ ಚೀಲ ಬರೆದಳು. “ಇದು ಗರ್ಭಕೋಶ. ಪಾಪು ಬೆಳೆಯೋದು ಇಲ್ಲಿ. ಊಟದ ಚೀಲದಿಂದ ಇದಕ್ಕೆ ದಾರೀನೇ ಇಲ್ಲ. ಹೆಂಗಸಿನ ಮೈಯೊಳಗೆ ಒಂದು ಅಂಡ ಇರುತ್ತೆ. ಗಂಡಸಿನ ಮೈಯಿಂದ ಬಂದ ವೀರ್ಯಾಣು ಅದಕ್ಕೆ ಸೇರಿದ್ರೇನೇ ಪಾಪು.”

“ಹೆಂಗೆ ಸೇರುತ್ತೆ?”

ಅಪ್ಪನಿಗೆ ಕೆಮ್ಮು ಬಂತು. ಅಮ್ಮನಿಗೆ ಬರಲಿಲ್ಲ.

“ದೊಡ್ಡವರಾದ ಇಬ್ಬರು, ಇಬ್ಬರಿಗೂ ಇಷ್ಟ ಇದ್ದು, ಮೈಗೆ ಮೈ ಸೇರಿಸಿದಾಗ. ಅದು ದೊಡ್ಡವರ ವಿಷಯ. ಮಕ್ಕಳ ಹತ್ರ ಯಾರೂ ಹಾಗೆ ಮಾಡೋ ಹಾಗಿಲ್ಲ.”

“ಛೀ!” ಎಂದಳು ಬಟನ್.

“ನಿನ್ನ ವಯಸ್ಸಲ್ಲಿ ನಾನೂ ಹಂಗೇ ಅಂದಿದ್ದೆ” ಎಂದು ಅಮ್ಮ ನಕ್ಕಳು.

ಅಪ್ಪನ ಕೆಮ್ಮು ನಿಂತಿತ್ತು. “ಅಳತೆ ತಗೊಳ್ಳೋ ಮುಂಚೆ ನಾನು ಏನು ಕೇಳ್ತೀನಿ?”

“‘ಟೇಪ್ ಹಿಡೀಲಾ?’ ಅಂತ.”

“ಯಾಕೆ ಹೇಳು? ಬಟ್ಟೆ ನನ್ನ ಕೈಲಿದ್ರೂ ಮೈ ಅವರದು. ನಿನ್ನ ಮೈ ನಿಂದು. ಬೇಡ ಅನ್ನಿಸಿದ್ರೆ ಬೇಡ ಅನ್ನು, ಎದುರಿಗೆ ಯಾರೇ ಇರ್ಲಿ. ಮೀರಿದ್ರೆ ಓಡಿಬಂದು ನಮಗೆ ಹೇಳು. ಬೈಯಲ್ಲ.”

ಬಟನ್ ತಲೆಯಾಡಿಸಿದಳು. ‘ಟೇಪ್ ಹಿಡೀಲಾ?’ ದಿನಕ್ಕೆ ಹತ್ತು ಸಲ ಕೇಳುತ್ತಿದ್ದ ಮಾತು ಅದು. ಬರೀ ಅಂಗಡಿಯ ಮಾತು ಅಂದುಕೊಂಡಿದ್ದಳು.

“ಮತ್ತೆ ಈ ಒಂದಿಂಚು?”

“ಅದು ನಿಮ್ಮಮ್ಮನ ಅಡುಗೆ” ಎಂದ ಅಪ್ಪ.

ಮರುದಿನ ಸಂಜೆ ರೇಡಿಯೋ ಅಂಗಡಿಗೆ ಬಂದಳು. ಸ್ಕರ್ಟಿನ ಹುಕ್ ಕಿತ್ತುಹೋಗಿದೆ ಎಂದಳು. ನೋಡಿದರೆ ಹುಕ್ ನೆಟ್ಟಗೇ ಇತ್ತು. ಬಟನ್‌ಳ ಕೈ ಹಿಡಿದು ಪರದೆಯ ಹಿಂದೆ ಎಳೆದುಕೊಂಡು ಹೋದಳು.

“ಟೇಪ್ ತಗೊಳ್ಳೇ. ನನ್ನ ಹೊಟ್ಟೆ ಅಳೀ. ಯಾರಿಗೂ ಹೇಳ್ಬೇಡ.”

“ಯಾಕೆ?”

ಯಾವತ್ತೂ ದನಿ ತಗ್ಗಿಸದ ರೇಡಿಯೋಳ ದನಿ ಇರುವೆಯಷ್ಟಾಗಿತ್ತು. “ಹೋದ ತಿಂಗಳು ನಾನೂ ಆ ಬಾಟಲೀಲೇ ಕುಡಿದಿದ್ದೆ.”

ಬಟನ್‌ಳ ನಾಲಿಗೆಯ ತುದಿಗೆ ಒಂದು ಒಳ್ಳೆ ಕೀಟಲೆ ಬಂದಿತ್ತು. ಅಷ್ಟರಲ್ಲಿ ಗೆಳತಿಯ ಕೈ ಕಂಡಿತು. ಹೊಟ್ಟೆಯ ಮೇಲೆ ಒತ್ತಿಕೊಂಡಿತ್ತು, ನಿನ್ನೆಯವರೆಗೂ ತನ್ನ ಕೈ ಇರುತ್ತಿದ್ದ ಹಾಗೆಯೇ. ತನ್ನ ಭಯ ಮೂರೇ ದಿನದ್ದು. ಇವಳದು ಒಂದು ತಿಂಗಳು.

ಕೀಟಲೆಯನ್ನು ನುಂಗಿಕೊಂಡಳು. ಟೇಪನ್ನು ಮೊಳೆಗೆ ನೇತುಹಾಕಿದಳು.

“ಬಾಟಲಿಯಿಂದ ಪಾಪು ಬರಲ್ಲ ಕಣೇ. ನಿಮ್ಮಮ್ಮನ್ನ ಕೇಳು. ಭಯ ಆದ್ರೆ ನಮ್ಮಮ್ಮ ಇಲ್ಲೇ ಇದ್ದಾಳೆ, ಬಾ.”

“ಕೇಳ್ತೀನಿ. ಅದಕ್ಕೂ ಮುಂಚೆ ಒಂದ್ಸಲ ಅಳೀ. ಒಂದೇ ಒಂದ್ಸಲ!” ರೇಡಿಯೋ ಗೋಗರೆದಳು.

“ಊಹೂಂ” ಎಂದಳು ಬಟನ್, ಅವಳ ಕೈ ಹಿಡಿದುಕೊಂಡೇ. “ಅಳೆದಷ್ಟೂ ಭಯಾನೇ ಬೆಳೆಯೋದು. ಅಳೆಯಲ್ಲ.”